ಒಂದು ಕರೆಯೂ ತಪ್ಪುವುದಿಲ್ಲ

"ಹಲೋ?... ಹಲೋ, ಯಾರು ಮಾತಾಡ್ತಿರೋದು?"

"...ಯಾವ ವುಕಾಶಿನ್? ನಮ್ಮೂರಲ್ಲಿ ನಾಲ್ಕು ಜನ ವುಕಾಶಿನ್ ಇದಾರೆ. ಅದರಲ್ಲಿ ಇಬ್ಬರ ಜೊತೆ ನಾನು ಮಾತು ಬಿಟ್ಟು ವರ್ಷಾಯ್ತು..."

"...ಹಾಂ, ಫೋನ್ ಮೇಸ್ತ್ರೀನಾ! ಅದನ್ನ ಮೊದಲೇ ಹೇಳ್ಬಾರ್ದಾ? ಹೇಳಿ ಮೇಸ್ತ್ರೀ, ಹೇಳಿ. ನಾನು ವಿದೊಸಾವಾ, ಕಚೇರಿ ಗುಮಾಸ್ತೆ. ಮೊನ್ನೆ ನೀವು ಬಂದಾಗ ಎರಡೆರಡು ಸಲ ಕಾಫಿ ಮಾಡಿಕೊಟ್ಟೆನಲ್ಲ, ಅದೇ ನಾನು."

ವಿದೊಸಾವಾ ನಿಜಕ್ಕೂ ಬೆಚ್ಚಿಬಿದ್ದಿದ್ದಳು. ಹನ್ನೊಂದು ದಿನಗಳಿಂದ ಮೇಜಿನ ಮೇಲೆ ಹೆಚ್ಚುಕಡಿಮೆ ಗಪ್‌ಚಿಪ್ಪಾಗಿ ಕೂತಿದ್ದ ಆ ಕಪ್ಪು ಯಂತ್ರ ಇದ್ದಕ್ಕಿದ್ದಂತೆ ಹೊಡೆದುಕೊಂಡಾಗ, ಬಾಯಲ್ಲಿದ್ದ ಬೂರೆಕ್ ಕಡುಬಿನ ತುಂಡನ್ನು ಅಗಿಯದೆಯೇ ನುಂಗಿದ್ದಳು. ಸೋಮವಾರ ಬೆಳಗಿನ ಒಂಬತ್ತೂವರೆ. ಕಚೇರಿಯಲ್ಲಿ ಅವಳೊಬ್ಬಳೇ. ವಕೀಲೆ ಒಲಿವೆರಾ ಎದುರುಗಡೆಯ ನ್ಯಾಯಾಲಯಕ್ಕೆ ಹೋಗಿದ್ದಳು.

"...ಚೆನ್ನಾಗಿದೆ, ಏನೂ ತೊಂದರೆ ಇಲ್ಲ... ಧ್ವನೀನಾ? ಧ್ವನಿ ಭೇಷಾಗಿದೆ. ನೀವು ಕೂತಿರೋದು ಅಷ್ಟು ದೂರದ ನೋವಿ ಸಾದ್ ಪಟ್ಟಣದಲ್ಲಿ ಅಲ್ವಾ? ಇಲ್ಲೇ ಪಕ್ಕದ ಕುರ್ಚೀಲಿ ಕೂತು ಮಾತಾಡಿದ ಹಾಗಿದೆ. ನಮ್ಮ ಹಳೇ ಫೋನು ಎರಡು ಹನಿ ಮಳೆ ಬಿದ್ರೆ ಸಾಕು, ಬಾಣಲೇಲಿ ಹುರಿದ ಹಾಗೆ ಚರಚರ ಅಂತಿತ್ತು."

"...ಹಾಡಾ? ಕಾಯೋವಾಗ ಬರೋ ಹಾಡಾ? ನಂಗೇನು ಗೊತ್ತು ಮೇಸ್ತ್ರೀ, ನನಗೆ ನಾನೇ ಫೋನ್ ಮಾಡ್ಕೊಳ್ಳೋಕಾಗುತ್ತಾ? ಒಲಿವೆರಾ ಹೊರಗಿಂದ ಮಾಡಿ ಕೇಳಿದ್ಲು. ಮದುವೆ ಮನೆ ಬಾಗಿಲಲ್ಲಿ ನಿಲ್ಲಿಸಿದ ಹಾಗಾಯ್ತು ಅಂದ್ಲು..."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗಿತ್ತು ಆ ಕಚೇರಿಯ ಸಂಪತ್ತು. ಚಮ್ಮಾರನ ಅಂಗಡಿಯ ಮೇಲಿನ ಎರಡು ಕೋಣೆ. ಒಂದರ ಕಿಟಕಿ ಮುಚ್ಚುವುದಿಲ್ಲ, ಇನ್ನೊಂದರ ಒಲೆ ಹೊಗೆಯುಗುಳದೆ ಉರಿಯುವುದಿಲ್ಲ. ಬಾಗಿಲಿಗೆ ಫಲಕವಿಲ್ಲ. ಇರಬಾರದೆಂದೇ ಇಲ್ಲ. ಗಂಡನ ಹೊಡೆತ ತಾಳಲಾರದೆ ಬರುವ ಹೆಂಗಸರು ಚಪ್ಪಲಿ ಹೊಲಿಸಲು ಬಂದವರ ಹಾಗೆ ಬಂದು, ಹಿಂದಿನ ಮೆಟ್ಟಿಲು ಹತ್ತುತ್ತಾರೆ. ಇಂಥ ಜಾಗಕ್ಕೆ ಇಂಟರ್ನೆಟ್ ಫೋನು ಬಂದಿತ್ತು. ಹಣ ಕೊಡುವ ರಾಜಧಾನಿಯ ಸಂಸ್ಥೆಯಿಂದ ಅಪ್ಪಣೆ ಬಂದಿತ್ತು: ತಾಮ್ರದ ತಂತಿ ಈ ವರ್ಷಕ್ಕೆ ಮುಗಿಯಿತು, ಸಣ್ಣ ಕಚೇರಿಗಳೆಲ್ಲ ಬದಲಾಗಬೇಕು.

"...ನನ್ನ ಧ್ವನೀನಾ? ಅಯ್ಯೋ, ಹೋಗಿ ಮೇಸ್ತ್ರೀ!... ನೀವೂ ಹಾಗಂತೀರಾ? ನನ್ನ ತಂಗೀನೂ ಅಂದ್ಲು, ರೇಡಿಯೋದೋಳ ಹಾಗಿದೆ ಅಂತ. ಹನ್ನೆರಡು ಸಲ ಓದ್ಸಿದ್ರಲ್ಲ ನೀವು! 'ಹಿಂಸೆ' ಅನ್ನೋ ಕಡೆ ಬಂದ್ರೆ ನಾಲಿಗೆ ಹೊರಳ್ತಾನೇ ಇರ್ಲಿಲ್ಲ."

ಮಾತಿಗೆ ಮಾತು ಸೇರಿಸಿದರೂ ವಿದೊಸಾವಾಗೆ ಒಳಗೊಳಗೇ ಹಿಗ್ಗು. ಅರವತ್ತು ಹತ್ತಿರವಾದ ಹೆಂಗಸು. ಇಪ್ಪತ್ತೆರಡು ವರ್ಷ ಈ ಮೇಜಿನ ಹಿಂದೆ ಹೆಸರಿಲ್ಲದ ಹಾಗೆ ಕೂತವಳು. ಫೋನೆತ್ತಿದರೆ 'ಹಲೋ' ಎಂಬ ಒಂದೇ ಮಾತು, ಅದರಾಚೆ ಅವಳು ಮೊದಲಾಗಿ ಏನನ್ನೂ ಅನ್ನುವಂತಿರಲಿಲ್ಲ. ಈಗ ಯಾರೇ ಕರೆ ಮಾಡಲಿ, ಮೊದಲು ಕೇಳುವುದು ಅವಳ ಧ್ವನಿ: ನಮಸ್ಕಾರ, ನೀವು ಹೆಂಗಸರ ನೆರವಿನ ಕಚೇರಿಗೆ ಕರೆ ಮಾಡಿದ್ದೀರಿ, ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಒಂದನ್ನು ಒತ್ತಿ, ಕಾನೂನಿನ ಸಲಹೆಗೆ ಎರಡನ್ನು ಒತ್ತಿ. ಆಮೇಲೆ ಹಾಡು. ಹಾಡಾದ ಮೇಲೆ ಇವಳ ಮೇಜು.

"...ಒಂದು ವಿಷಯ ಹೇಳ್ಲಾ ಮೇಸ್ತ್ರೀ? ನೀವು ಬಂದು ಹೋದಾಗಿಂದ ನಮಗಿಲ್ಲಿ ಶಾಂತಿ. ಮುಂಚೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೊಡ್ಕೊಳ್ತಿತ್ತು. ಈಗ ನಾಲ್ಕೈದು ಕರೆ ಬಂದಿರಬಹುದು, ಅಷ್ಟೇ. ಈಗ ಚಳಿಗಾಲದ ಚಟ್ನಿಗೆ ಮೆಣಸಿನಕಾಯಿ ಸುಡೋ ಕಾಲ ನೋಡಿ, ಹೆಂಗಸ್ರಿಗೆ ಪುರುಸೊತ್ತಿಲ್ಲ. ಗಂಡಸ್ರು ಪ್ಲಮ್ ಸಾರಾಯಿ ಭಟ್ಟಿ ಹಚ್ಚಿದಾರೆ. ಕಾಯಿಸೋವಾಗ ಹೊಡೆಯಲ್ಲ, ಕುಡಿಯೋವಾಗ ಹೊಡೀತಾರೆ ಅಂತ ಒಲಿವೆರಾ ಹೇಳ್ತಿರ್ತಾಳೆ. ಹೇಗೋ, ಹನ್ನೊಂದು ದಿನ ನೆಮ್ಮದಿ..."

"...ಅಂದ್ರೆ?"

"...ಇಲ್ಲ, ಅದಕ್ಕಿಂತ ಹೆಚ್ಚು ಹೊಡ್ಕೊಂಡೇ ಇಲ್ಲ ಅಂತಿದೀನಲ್ಲ. ನಾನು ಇಲ್ಲೇ ಕೂತಿರ್ತೀನಿ, ಕಿವಿ ಸರಿಯಾಗೇ ಇದೆ... ಎಷ್ಟು?... ಎಷ್ಟಂದ್ರಿ?... ಎಪ್ಪತ್ತಮೂರಾ? ಎಲ್ಲಿ ಬಂತು ಎಪ್ಪತ್ತಮೂರು ಕರೆ? ಬೇರೆ ಯಾರದೋ ಲೆಕ್ಕ ನೋಡ್ತಿದೀರಾ ನೀವು..."

"...ಕಂಪ್ಯೂಟರಲ್ಲಾ? ಹಾಂ, ತೆಗೆದಿದೆ... ಎಡಗಡೆ... ಫೋನಿನ ಚಿತ್ರ, ಹಾಂ, ಒತ್ತಿದೆ... ತಡೀರಿ, ಕನ್ನಡಕ..."

ಪರದೆಯ ಮೇಲೆ ಉದ್ದದ ಪಟ್ಟಿಯೊಂದು ಇಳಿಯಿತು. ದಿನ, ಹೊತ್ತು, ನಂಬರು, ಎಷ್ಟು ಸೆಕೆಂಡು. ಪ್ರತಿ ಸಾಲಿನ ಮುಂದೆ ಹಸಿರು ಚುಕ್ಕೆ. ಹಸಿರು ಅಂದರೆ ಎತ್ತಿದ ಕರೆ.

"...ಯಾರು ಎತ್ತಿದ್ದು? ನಾನೆತ್ತಿಲ್ಲ, ಒಲಿವೆರಾ ಎತ್ತಿಲ್ಲ... ಯಂತ್ರಾನಾ? ಮೊದಲನೇ ರಿಂಗಿಗೇನಾ?... ಹಾಂ. ಅಂದ್ರೆ ಕರೆ ಮಾಡಿದೋರಿಗೆ ತಕ್ಷಣ ನನ್ನ ಧ್ವನಿ ಕೇಳುತ್ತೆ. ಹಾಡು ಮುಗಿಯೋ ತನಕ ಕಾದ್ರೆ ಮಾತ್ರ ನನ್ನ ಮೇಜಲ್ಲಿ ರಿಂಗಾಗುತ್ತೆ. ಮಧ್ಯದಲ್ಲೇ ಇಟ್ಬಿಟ್ರೆ... ಇಟ್ಬಿಟ್ರೆ ನಂಗೆ ಗೊತ್ತೇ ಆಗಲ್ಲ. ಹಾಗಾ?"

"...ಮೇಸ್ತ್ರೀ, ನಾಲ್ಕು ಸೆಕೆಂಡು ಅಂತ ಇದೆಯಲ್ಲ, ಮೂರು ಸೆಕೆಂಡು, ಐದು ಸೆಕೆಂಡು... ಇವೆಲ್ಲ ಇಟ್ಬಿಟ್ಟೋರದ್ದಾ?"

ಅವಳ ಕೈ ಬೂರೆಕ್ಕಿನ ಕಾಗದವನ್ನು ಸುಮ್ಮಸುಮ್ಮನೆ ಮಡಚುತ್ತಿತ್ತು. ಕೈಗೆ ಗೊತ್ತಾದದ್ದನ್ನು ತಲೆ ಇನ್ನೂ ಒಪ್ಪಿಕೊಂಡಿರಲಿಲ್ಲ.

"...ಇಲ್ಲ, ಇಲ್ಲ, ದುಡುಕಿ ಇಟ್ಟಿರೋದಲ್ಲ. ನಿಮಗೆ ಹೇಗೆ ಹೇಳ್ಲಿ... ನೀವು ಕಾಲೇಜು ಹುಡುಗ ಆಗಿದ್ದಾಗ ಗೆಳತಿಗೆ ಮಿಸ್ಡ್ ಕಾಲ್ ಕೊಡ್ತಿರ್ಲಿಲ್ವಾ? ಕಾಸು ಖರ್ಚಿಲ್ಲ, ಮಾತಿಲ್ಲ. ಒಂದು ಸಲ ಟ್ರಿಣ್ ಅಂದ್ರೆ ನಿನ್ನನ್ನೇ ನೆನೀತಿದೀನಿ ಅಂತ, ಎರಡು ಸಲ ಅಂದ್ರೆ ಕೆಳಗೆ ಬಾ ಅಂತ... ನಗ್ಬೇಡಿ. ನಮ್ಮ ಕಚೇರಿ ನಡೀತಿದ್ದಿದ್ದೇ ಅದರ ಮೇಲೆ."

"...ಹೌದು, ಮಿಸ್ಡ್ ಕಾಲ್ ಮೇಲೇನೇ. ಕೇಳಿ. ಇಲ್ಲಿ ಹನ್ನೊಂದು ಜನ ಹೆಂಗಸರಿದಾರೆ. ಮಾತಾಡೋಕಾಗದೇ ಇರೋರು. ಗಂಡ ಪಕ್ಕದ ಕೋಣೇಲೇ ಇರ್ತಾನೆ, ಅತ್ತೆ ಅಡಿಗೆ ಮನೇಲಿರ್ತಾಳೆ. ಪಿಸುಗುಟ್ಟಿದ್ರೂ ಕೇಳುತ್ತೆ. ಅವರು ನಮಗೆ ಎರಡು ರಿಂಗ್ ಕೊಟ್ಟು ಇಟ್ಬಿಡ್ತಾರೆ. ನಾವು ಎತ್ತೋದೇ ಇಲ್ಲ. ಎತ್ತಬಾರದು. ಹಳೇ ಫೋನಲ್ಲಿ ಸಣ್ಣ ಕಿಟಕಿ ಇತ್ತಲ್ಲ, ಅದರಲ್ಲಿ ನಂಬರ್ ನೋಡ್ತೀವಿ. ಎರಡು ರಿಂಗ್ ಅಂದ್ರೆ ಬನ್ನಿ ಅಂತ. ತಕ್ಷಣ ಬನ್ನಿ ಅಂತ... ಆಮೇಲೆ ಗಂಡ ಫೋನ್ ಕಿತ್ಕೊಂಡು ನೋಡಿದ್ರೂ ಏನಿರುತ್ತೆ? ಯಾರೂ ಎತ್ತದ ಒಂದು ಕರೆ. ಚಪ್ಪಲಿ ಅಂಗಡಿಗೆ ಮಾಡಿದ್ದೆ, ಎತ್ತಲಿಲ್ಲ ಅನ್ಬಹುದು. ಮಾತೇ ಆಡಿಲ್ಲ ಅಂದ್ಮೇಲೆ ಅವನು ಏನಂತ ಹೊಡೀತಾನೆ?"

"...ಸದ್ದಿಲ್ಲ ಅಂದ್ರೆ ಎಲ್ಲರೂ ಸುಖವಾಗಿದಾರೆ ಅಂತ ನಮ್ಮ ಲೆಕ್ಕ. ಅದಕ್ಕೇ ನಾನು... ಅದಕ್ಕೇ ನಾನು ಶಾಂತಿ ಅಂದೆ ಮೇಸ್ತ್ರೀ. ಹನ್ನೊಂದು ದಿನ ಇಲ್ಲಿ ಕೂತು ಬೂರೆಕ್ ತಿಂದೆ."

ವಿದೊಸಾವಾ ಮೇಜಿನ ಖಾನೆಯ ಬೀಗ ತೆಗೆದು ನೀಲಿ ರಟ್ಟಿನ ಶಾಲಾ ಪುಸ್ತಕವೊಂದನ್ನು ಹೊರತೆಗೆದಳು. ಅದರಲ್ಲಿ ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ನಂಬರಿನ ಕೊನೆಯ ಮೂರಂಕಿ. ಬೆರಳಿಟ್ಟುಕೊಂಡು ಪುಸ್ತಕವನ್ನೂ ಪರದೆಯನ್ನೂ ತಾಳೆ ನೋಡತೊಡಗಿದಳು. ಎಷ್ಟೋ ನಂಬರು ಪೋಸ್ಟಾಫೀಸಿನವು, ಕೋರ್ಟಿನವು. ಆಮೇಲೆ ಬೆರಳು ನಿಂತಿತು.

"...ನಾಲ್ಕು ಒಂದು ಎಂಟು. ಮೇಸ್ತ್ರೀ, ನಾಲ್ಕು ಒಂದು ಎಂಟು ಇದೆ. ಯಾಸೆನ್ಕಾ. ಮೇಲಿನ ಲಿಪೊವಿಸ್ತಾ ಊರೋಳು... ಗುರುವಾರ ಬೆಳಿಗ್ಗೆ ಏಳು ನಲವತ್ತು, ನಾಲ್ಕು ಸೆಕೆಂಡು. ಏಳು ನಲವತ್ತೊಂದು, ಮೂರು ಸೆಕೆಂಡು. ಏಳು ಐವತ್ತೆರಡು, ನಾಲ್ಕು. ಅವಳ ಗಂಡ ಹಸುಗಳ ಹತ್ರ ಹೋಗೋ ಹೊತ್ತು ಅದು. ಅಯ್ಯೋ, ಮೂರು ಸಲ ಮಾಡಿದಾಳೆ. ಮೂರು ಸಲ ಕರೆದಿದಾಳೆ... ಶುಕ್ರವಾರಾನೂ ಇದೆ. ಶುಕ್ರವಾರ ಎರಡು ಸಲ."

"...ಗುರುವಾರ ನಾನೆಲ್ಲಿದ್ದೆ? ಇಲ್ಲೇ ಇದ್ದೆ! ಈ ಫೋನಿನ ಪಕ್ಕದಲ್ಲೇ ಕೂತು ಮೆಣಸಿನಕಾಯಿ ಸಿಪ್ಪೆ ಸುಲೀತಿದ್ದೆ!"

"...ನಾನೇ ವಾಪಸ್ ಕರೆ ಮಾಡೋದಾ? ಹಸಿರು ಬಾಣ ಒತ್ತಿದ್ರೆ ಸಾಕಾ?... ಬೇಡ! ನಿಮ್ಮ ದಮ್ಮಯ್ಯ ಅಂತೀನಿ, ನೀವೂ ಮುಟ್ಬೇಡಿ. ನಾವು ಯಾವತ್ತೂ ಅವರಿಗೆ ಕರೆ ಮಾಡಲ್ಲ. ಅದು ನಮ್ಮ ಮೊದಲನೇ ಪಾಠ. ಫೋನ್ ಯಾರ ಕೈಯಲ್ಲಿದೆಯೋ ಏನೋ... ಹಾಂ?... ಏನಂದ್ರಿ? ಮತ್ತೆ ಹೇಳಿ."

"...ಏನು ಸಂದೇಶ?"

"...ಯಾರಿಗೆ ಹೋಗುತ್ತೆ? ನಿಧಾನ ಹೇಳಿ. ಮಧ್ಯದಲ್ಲೇ ಫೋನ್ ಇಟ್ಟೋರಿಗೆ... ತಾನಾಗೇ ಹೋಗುತ್ತಾ? ಅವರ ಫೋನಿಗಾ?... ಏನಂತ ಇರುತ್ತೆ ಅದರಲ್ಲಿ? ಓದಿ. ಓದಿ ಮೇಸ್ತ್ರೀ, ನಿಮ್ಮ ಹತ್ರ ಇದೆಯಲ್ಲ..."

ವುಕಾಶಿನ್ ಓದಿದ. ಅವನು ಓದುತ್ತಿದ್ದ ಹಾಗೇ ವಿದೊಸಾವಾ ಒಂದೊಂದು ಮಾತನ್ನೂ ಗಟ್ಟಿಯಾಗಿ ಹೇಳಿಕೊಂಡಳು, ಹೊಸ ಪಾಠ ಒಪ್ಪಿಸುವ ಮಗುವಿನ ಹಾಗೆ.

"'ನಮಸ್ಕಾರ. ಹೆಂಗಸರ ನೆರವಿನ ಕಚೇರಿಗೆ... ಕರೆ ಮಾಡಿದ್ದಕ್ಕೆ ಧನ್ಯವಾದ. ನಿಮ್ಮ ಕರೆ... ಪೂರ್ಣವಾಗಲಿಲ್ಲ. ದಯವಿಟ್ಟು... ಮತ್ತೊಮ್ಮೆ ಕರೆ ಮಾಡಿ. ನೀವು ಒಬ್ಬಂಟಿಯಲ್ಲ.'"

"...ಐದು ಸಲ ಹೋಗಿದೆಯಾ? ಅವಳ ಫೋನಿಗೆ ಐದು ಸಲ?"

ಒಂದು ಕರೆಯೂ ತಪ್ಪುವುದಿಲ್ಲ. ಫೋನು ಜೋಡಿಸಿದ ದಿನ ವುಕಾಶಿನ್ ಎದೆಯುಬ್ಬಿಸಿ ಹೇಳಿದ್ದ ಮಾತು ಅದು, ಅವನ ಕಂಪನಿಯ ಕಾಗದದ ನೆತ್ತಿಯ ಮೇಲೂ ಅಚ್ಚಾಗಿತ್ತು. ಅವನು ಸುಳ್ಳು ಹೇಳಿರಲಿಲ್ಲ. ತಪ್ಪಿದ ಕರೆಯಿಂದಲೇ ಜೀವ ಉಳಿಸುತ್ತಿದ್ದ ಕಚೇರಿಗೆ, ಒಂದು ಕರೆಯನ್ನೂ ತಪ್ಪಗೊಡದ ಯಂತ್ರವನ್ನು ತಂದು ಕೂರಿಸಿದ್ದ. ಇಬ್ಬರಲ್ಲಿ ಒಬ್ಬರೂ ಅದನ್ನು ಯೋಚಿಸಿರಲಿಲ್ಲ.

"...ಗೊತ್ತು, ನೀವು ಕೇಳಿದ್ರಿ. ಆ ಕಾಗದ ನನಗೇ ಕೊಟ್ಟಿದ್ರಿ ತುಂಬೋಕೆ. 'ಎತ್ತದೆ ಉಳಿಯುವ ಕರೆಗಳು ತಿಂಗಳಿಗೆ ಎಷ್ಟು' ಅಂತ ಇತ್ತು. ಏಳೆಂಟು ಅಂತ ಬರೆದೆ. ಕೆಳಗೆ 'ಕಾರಣ' ಅಂತ ಗೆರೆ ಎಳೆದಿತ್ತು. ಅದನ್ನ ಖಾಲಿ ಬಿಟ್ಟೆ... ಯಾಕೆ ಅಂದ್ರೆ? ಎರಡು ರಿಂಗಿನ ಗುಟ್ಟನ್ನ ನಾವು ಎಲ್ಲೂ ಬರೆಯಲ್ಲ ಮೇಸ್ತ್ರೀ. ಬರೆದ್ರೆ ಯಾರಾದ್ರೂ ಓದ್ತಾರೆ ಅಂತ. ನೀವು ಖಾಲಿ ಗೆರೆ ನೋಡಿ, ಪಾಪ, ಈ ಮುದುಕಿ ಫೋನೆತ್ತೋಕೆ ಸೋಮಾರಿ ಅಂದ್ಕೊಂಡಿರ್ತೀರಿ. ಸರಿಮಾಡಿಕೊಟ್ರಿ..."

"...ನಿಮ್ಮ ತಪ್ಪಲ್ಲ ಅಂತ ಹೇಳಲ್ಲ. ನಿಮ್ಮದೂ ಹೌದು, ನನ್ನದೂ ಹೌದು. ಅಳ್ಬೇಡಿ. ಗಂಡಸು ಅಳೋದು ಕೇಳೋಕೆ ನಂಗೀಗ ಪುರುಸೊತ್ತಿಲ್ಲ... ನಿನ್ನೇದೊಂದು ಇದೆ ಇಲ್ಲಿ. ಭಾನುವಾರ. ಅದೇ ನಂಬರು. ಒಂದು ಇಪ್ಪತ್ತು, ಮಧ್ಯಾಹ್ನ ಊಟದ ಹೊತ್ತು. ಇದೇನಿದು, ಒಂದು ನಿಮಿಷ ಐವತ್ತು ಸೆಕೆಂಡು ಅಂತಿದೆ?"

"...ಕೇಳಿಸ್ಕೊಬಹುದಾ? ಎಲ್ಲ ಕರೇನೂ ಹಿಡಿದಿಡುತ್ತಾ ಅದು?... ತ್ರಿಕೋನ. ಹಾಂ, ಕಾಣಿಸ್ತು."

ತ್ರಿಕೋನ ಒತ್ತಿದಾಗ ಮೊದಲು ಬಂದದ್ದು ಅವಳದೇ ಧ್ವನಿ. ರೇಡಿಯೋದವಳ ಹಾಗೆ, ನಯವಾಗಿ, ತಪ್ಪಿಲ್ಲದೆ. ಅದರ ಹಿಂದೆ ಒಂದು ಉಸಿರು. ಬಟ್ಟಲಿಗೆ ಚಮಚ ತಾಗಿದ ಸದ್ದು. ಧ್ವನಿ ಮುಗಿದು ಹಾಡು ಶುರುವಾಯಿತು. ಹಾಡಿನ ಅಡಿಯಲ್ಲಿ ಒಬ್ಬ ಗಂಡಸು, ಕೂಗದೆ, ಬಹಳ ಸಮಾಧಾನದಿಂದ ಯಾರನ್ನೋ ಕೇಳುತ್ತಿದ್ದ: ಇವಳಿಗೆ ನೀನು ಏನೇನು ಹೇಳಿದೀಯಾ? ದೂರದಲ್ಲಿ ಹೆಂಗಸೊಬ್ಬಳು ಅಂದಳು: ತಪ್ಪು ನಂಬರು ಅಂದೆನಲ್ಲಾ, ಸಾರು ಆರ್ತಾ ಇದೆ, ಉಣ್ಣು. ಆಮೇಲೆ ಕುರ್ಚಿ ಹಿಂದೆ ಸರಿದ ಸದ್ದು. ಆಮೇಲೆ ಬರಿಯ ಹಾಡು, ಬರಿಯ ಹಾಡು, ಕೊನೆಗೆ ಅದೂ ಇಲ್ಲ.

ವಿದೊಸಾವಾ ಮೇಜು ಹಿಡಿದುಕೊಂಡು ಎದ್ದು ನಿಂತಳು.

"ಮೇಸ್ತ್ರೀ, ಇಡ್ಬೇಡಿ. ಇದನ್ನ ಮೇಜಿನ ಮೇಲಿಡ್ತೀನಿ, ನೀವಲ್ಲೇ ಇರಿ. ನಾನು ಹೇಳೋ ತನಕ ಒಂದು ಕೆಲಸ ಮಾಡಿ, ನನ್ನ ಧ್ವನಿ ಕಿತ್ತುಹಾಕಿ. ಆ ಹಾಡು, ಆ ಸಂದೇಶ, ಎಲ್ಲ. ಕರೆ ಬಂದ್ರೆ ಬರೀ ರಿಂಗ್ ಆಗ್ಬೇಕು, ಹಳೇ ಫೋನಿನ ಹಾಗೆ. ಅಲ್ಲಿಂದಲೇ ಮಾಡೋಕಾಗುತ್ತಾ?... ಮಾಡಿ."

ಅವಳು ತನ್ನ ಮೊಬೈಲು ಹುಡುಕಿ ಒಲಿವೆರಾಗೆ ಹಚ್ಚಿದಳು. ಕೋರ್ಟಿನ ಹೊರಾಂಗಣದಲ್ಲಿ ಇನ್ನೂ ಸರದಿಗೆ ಕಾಯುತ್ತಿದ್ದ ಒಲಿವೆರಾ, ಪುಣ್ಯಕ್ಕೆ, ಎತ್ತಿದಳು.

"ಒಲಿವೆರಾ, ನಾನು. ಕೇಳು, ಮಧ್ಯ ಬಾಯಿ ಹಾಕ್ಬೇಡ. ಯಾಸೆನ್ಕಾ ಗುರುವಾರದಿಂದ ಕರೀತಿದಾಳೆ, ಹೊಸ ಫೋನು ನಮಗೆ ಕೇಳಿಸಿಲ್ಲ. ಅವನಿಗೆ ಗೊತ್ತಾಗಿದೆ... ಗೊತ್ತಾಗಿದೆ ಅಂದ್ರೆ ಗೊತ್ತಾಗಿದೆ ಕಣೇ, ಆಮೇಲೆ ಹೇಳ್ತೀನಿ... ನಿನ್ನೆ ಮಧ್ಯಾಹ್ನ... ಬೇಡ, ಆ ಊರಿನ ಪೊಲೀಸಿನವನಿಗೆ ಹೇಳ್ಬೇಡ! ಅವನು ಅವಳ ಗಂಡ ರಾತೊಮಿರನ ಕೂಮ್, ಮರೆತ್ಯಾ? ಮದುವೇಲಿ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತು ಕಿರೀಟ ಹಿಡಿದೋನು. ಒಡಹುಟ್ಟಿದೋನನ್ನಾದ್ರೂ ಬಿಟ್ಟುಕೊಟ್ಟಾನು, ಕೂಮ್‌ನ ಬಿಟ್ಟುಕೊಡಲ್ಲ. ಇಲ್ಲಿ ಪಟ್ಟಣದ ಠಾಣೆಯ ಆ ಹೆಂಗಸನ್ನ ಕರ್ಕೋ, ಇನ್ಸ್‌ಪೆಕ್ಟರನ್ನ... ಕೇಸು ಮುಂದಕ್ಕೆ ಹಾಕಿಸು! ನ್ಯಾಯಾಧೀಶರಿಗೆ ಬೈಯೋಕೆ ಬೇರೆ ದಿನ ಸಿಗುತ್ತೆ... ಎಷ್ಟು ಹೊತ್ತು?... ಮೂವತ್ತೈದು ನಿಮಿಷಾನಾ? ಗಾಡಿ ಓಡಿಸೋವಾಗ ಅಳ್ಬೇಡ. ಹೊರಡು."

ಯಾಸೆನ್ಕಾ ಈ ಕಚೇರಿಗೆ ಬಂದದ್ದು ಒಂದೇ ಒಂದು ಸಲ, ಎರಡು ವರ್ಷದ ಹಿಂದೆ, ಗಂಡನ ಬೂಟು ರಿಪೇರಿಗೆಂದು ಹೇಳಿ. ಕಿವಿಯ ಹಿಂದೆ ಹೊಲಿಗೆ ಬಿದ್ದಿತ್ತು. ಕಾಫಿ ಬೇಡವೆಂದಿದ್ದಳು, ಬಾಯಲ್ಲಿ ವಾಸನೆ ಬಂದರೆ ಎಲ್ಲಿ ಕುಡಿದೆ ಅಂತ ಕೇಳ್ತಾನೆ ಎಂದು. ಎರಡು ರಿಂಗಿನ ಪಾಠ ಹೇಳಿಕೊಟ್ಟವಳು ವಿದೊಸಾವಾ. ನೀನು ಬರೀ ಎರಡು ಎಣಿಸು ಮಗಳೇ, ಉಳಿದದ್ದು ನಮಗೆ ಬಿಡು ಎಂದಿದ್ದಳು. ಅಂಥ ಮಾತು ಕೊಟ್ಟ ನಾಲಿಗೆಯನ್ನು ಈಗ ಕಚ್ಚಿ ಕಿತ್ತುಹಾಕಬೇಕೆನ್ನಿಸಿತು ಅವಳಿಗೆ.

"ಹಲೋ, ಮೇಸ್ತ್ರೀ? ಇದೀರಾ?... ಹಾಂ. ಹೊರಟ್ಲು... ತೆಗೆದ್ರಾ? ಎಲ್ಲಾನೂ? ಇನ್ನು ನನ್ನ ಧ್ವನಿ ಯಾರಿಗೂ ಕೇಳ್ಸಲ್ಲ ಅಲ್ವಾ?... ನಿಜವಾಗ್ಲೂ ಅಲ್ವಾ?"

"...ಇಲ್ಲ, ಇನ್ನೂ ಹತ್ತು ಹೆಸರು ನೋಡ್ಬೇಕು. ನೋಡ್ತಿದೀನಿ. ಏಳು ಸೊನ್ನೆ ಎರಡು, ಇಲ್ಲ. ಮೂರು ಮೂರು ಒಂಬತ್ತು, ಇಲ್ಲ, ದೇವರು ದೊಡ್ಡೋನು. ಐದು ಆರು... ಇಲ್ಲ. ಉಳಿದೋರದ್ದೂ ಕಾಣ್ತಿಲ್ಲ. ಅವಳೊಬ್ಬಳೇ. ಅವಳೊಬ್ಬಳೇ ಕರೆದಿದ್ದು, ಮೇಸ್ತ್ರೀ. ಐದು ಸಲ."

"...ನನ್ನ ಧ್ವನಿ ಕೇಳ್ದಾಗ ಅವಳು ಏನಂದ್ಕೊಂಡಿರ್ತಾಳೆ ಹೇಳಿ? ಎತ್ತಲ್ಲ ಅಂತ ಆಣೆ ಇಟ್ಟೋಳು ಎತ್ತಿಬಿಟ್ಲು. ಎತ್ತಿ, ಊರಿಗೆಲ್ಲ ಕೇಳೋ ಹಾಗೆ 'ಮನೆಯಲ್ಲಿ ಹಿಂಸೆ' ಅಂತ ಕೂಗಿದ್ಲು. ಆದ್ರೂ ಮತ್ತೆ ಮಾಡಿದಾಳೆ ನೋಡಿ. ತಪ್ಪಾಗಿರಬೇಕು, ಈ ಸಲ ಸರಿಯಾಗುತ್ತೆ ಅಂತ ಮತ್ತೆ. ನನ್ನ ಮೇಲೆ ಅಷ್ಟು ನಂಬಿಕೆ ಅವಳಿಗೆ..."

"...ಹಾಂ? ಏನೋ ಟುಕ್ ಅಂತು ಕಿವೀಲಿ. ಇನ್ನೊಂದು ಕರೆ ಬರ್ತಿದೆಯಾ? ಪರದೆ ಮೇಲೆ... ನಾಲ್ಕು ಒಂದು ಎಂಟು! ಮೇಸ್ತ್ರೀ, ಯಾಸೆನ್ಕಾ! ಅವಳೇ! ಬದುಕಿದಾಳೆ! ಸುಮ್ನಿರಿ, ಮಾತಾಡ್ಬೇಡಿ, ಎಣಿಸ್ತಿದೀನಿ. ಒಂದು ಆಯ್ತು... ಎರಡು..."

ವಿದೊಸಾವಾ ಮೂರು ಬೆರಳು ಕೂಡಿಸಿ ಶಿಲುಬೆಯ ಗುರುತು ಮಾಡಿಕೊಂಡು ಕಣ್ಣು ಮುಚ್ಚಿದಳು. ನಿಲ್ಲಲಿ, ಇಲ್ಲಿಗೆ ನಿಲ್ಲಲಿ ಎಂದು ಬೇಡಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾವ ಫೋನನ್ನೂ ಇಷ್ಟು ಬೇಡಿಕೊಂಡಿರಲಿಲ್ಲ.

"...ಮೂರು."

"...ನಿಂತಿಲ್ಲ ಮೇಸ್ತ್ರೀ. ನಾಲ್ಕು... ಅವಳಲ್ಲ ಇದು. ಎರಡರ ಮೇಲೆ ಅವಳು ಯಾವತ್ತೂ ಬಿಟ್ಟಿಲ್ಲ. ಲೆಕ್ಕ ಗೊತ್ತಿಲ್ದೋರು ಯಾರೋ ಮಾಡ್ತಿದಾರೆ... ಐದು..."

"...ಬೇಡ ಅನ್ಬೇಡಿ, ಎತ್ಲೇಬೇಕು. ಅವನ ಕೈಯಲ್ಲಿ ಫೋನ್ ಇರೋ ತನಕ ಆ ಕೈ ಬೇರೆ ಕೆಲಸ ಮಾಡಲ್ಲ. ಒಲಿವೆರಾ ಇನ್ನೂ ಸೇತುವೆ ದಾಟಿರಲ್ಲ. ಅವಳು ಮುಟ್ಟೋ ತನಕ ನಾನು ಅವನನ್ನ ಮಾತಾಡಿಸ್ತಿರ್ಬೇಕು... ಯಾವ ಗುಂಡಿ? ಬೇಗ ಹೇಳಿ... ಹಸಿರಾ? ಒತ್ತಿದ್ರೆ ನೀವು ಹೋಗ್ಬಿಡ್ತೀರಾ?... ಹೋಗಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಅವಳು ಗುಂಡಿ ಒತ್ತಿದಳು. ನೋವಿ ಸಾದು ಹೋಯಿತು. ಈಗ ಕಿವಿಯಲ್ಲಿ ಒಂದು ಅಡಿಗೆ ಮನೆಯ ನಿಶ್ಶಬ್ದವಿತ್ತು.

"ಹಲೋ."

"...ಹಲೋ, ಯಾರು ಮಾತಾಡೋದು?... ಹಾಂ, ರಾತೊಮಿರ್ ಅವರಾ. ನಮಸ್ಕಾರ... ಹೌದು. ನಾನೇ. ಆ ಯಂತ್ರದಲ್ಲಿ ಮಾತಾಡೋದು ನಾನೇ. ಬರೆದುಕೊಟ್ಟಿದ್ದನ್ನ ಓದಿದ್ದು, ಅಷ್ಟೇ."

"...ಇಲ್ಲ, ನಿಮ್ಮ ಹೆಂಡತಿ ನಮಗೆ ಏನೂ ಹೇಳಿಲ್ಲ. ಅವರ ಹೆಸರೂ ನಂಗೊತ್ತಿಲ್ಲ... ಯಾಕೆ ಸುಳ್ಳು ಹೇಳ್ಲಿ? ನಿಮ್ಮ ಫೋನಲ್ಲೇ ನೋಡಿ, ಎಷ್ಟು ಹೊತ್ತು ಅಂತ ಇರುತ್ತೆ. ನಾಲ್ಕು ಸೆಕೆಂಡು, ಮೂರು ಸೆಕೆಂಡು. ಅಷ್ಟರಲ್ಲಿ ಯಾರು ಏನು ಹೇಳೋಕಾಗುತ್ತೆ? ಚಮ್ಮಾರನ ಅಂಗಡಿ ನಂಬರಿಗೂ ನಮ್ಮದಕ್ಕೂ ಒಂದೇ ಅಂಕಿ ವ್ಯತ್ಯಾಸ. ದಿನಾ ಹತ್ತು ಜನ ತಪ್ಪಿ ಮಾಡ್ತಾರೆ. ನಾನೇ ಎಷ್ಟು ಜನಕ್ಕೆ ಹೇಳಿದೀನಿ, ಬೂಟು ಕೆಳಗಡೆ ಕಣ್ರೀ ಅಂತ..."

"...ಇರಿ, ಇರಿ, ಇಡ್ಬೇಡಿ. ಫೋನ್ ಮಾಡಿದೀರಲ್ಲ, ಕೂತ್ಕೊಂಡು ಮಾತಾಡೋಣ. ಕೂತಿದೀರಾ?... ಒಳ್ಳೇದಾಯ್ತು. ನಾನೂ ಕೂತಿದೀನಿ. ನಿಮ್ಮ ಕಡೆ ಈ ಸಲ ಪ್ಲಮ್ ಹೇಗೆ?... ಹೌದಾ? ಇನ್ನೂರು ಲೀಟರಾ? ಒಬ್ಬರೇ ಕಾಯಿಸಿದ್ರಾ?... ಸಕ್ಕರೆ ಹಾಕ್ದೇ? ಅದೇ ಸರಿ ನೋಡಿ. ನನ್ನ ಗಂಡನೂ ಸಕ್ಕರೆ ಮುಟ್ಟಗೊಡ್ತಿರ್ಲಿಲ್ಲ..."

ಅವನು ಪ್ಲಮ್ಮಿನ ವಿಷಯ ಹೇಳುತ್ತಲೇ ಇದ್ದ. ಸಂತೆಯಿಂದ ಮನೆಗೆ ಬಂದು ಬೂಟು ಕಳಚಿ ಕೂತವನ ಹಾಗೆ, ಅವಸರವಿಲ್ಲದೆ. ಬೈದಿದ್ದರೆ ವಿದೊಸಾವಾಗೆ ಇಷ್ಟು ಭಯವಾಗುತ್ತಿರಲಿಲ್ಲ. ಗಡಿಯಾರದಲ್ಲಿ ಇನ್ನೂ ಆರು ನಿಮಿಷವಷ್ಟೇ ಕಳೆದಿತ್ತು.

"...ರಾತೊಮಿರ್ ಅವರೇ, ಒಂದು ಮಾತು. ನಿಮ್ಮ ಯಜಮಾನ್ತಿಗೆ ಒಂದು ಗಳಿಗೆ ಫೋನ್ ಕೊಡ್ತೀರಾ? ತಪ್ಪು ನಂಬರು ಅಂತ ಅವರ ಬಾಯಿಂದಲೇ ನನ್ನೆದುರಿಗೆ ಹೇಳಿಸಿಬಿಡಿ. ನಿಮಗೂ ಸಮಾಧಾನ, ನಂಗೂ ಸಮಾಧಾನ..."

"...ಮಲಗಿದಾರಾ? ಈ ಹೊತ್ತಲ್ಲಾ?... ಪರವಾಗಿಲ್ಲ, ಎಬ್ಬಿಸಿ, ನಾನು ಕಾಯ್ತೀನಿ... ಎಬ್ಬಿಸಿದ್ರೂ ಏಳಲ್ಲ ಅಂದ್ರೆ?"

"...ಹಾಗಂದ್ರೇನು ರಾತೊಮಿರ್?... ಯಾವಾಗಿಂದ ಮಲಗಿದಾಳೆ?... ಸರಿಯಾಗಿ ಹೇಳಿ, ಯಾವಾಗಿಂದ?"

"...ನಿನ್ನೆ ಊಟ ಆದಾಗಿಂದ್ಲಾ?... ಹಲೋ? ಉಸಿರಾಡ್ತಿದಾಳಾ ನೋಡಿ, ಒಂದು ಸಲ ಹೋಗಿ ನೋಡಿ! ರಾತೊಮಿರ್, ಇಡ್ಬೇಡಿ, ಹತ್ತಿರ ಹೋಗಿ ಬರೀ ಕೈ ಇಟ್ಟು... ಹಲೋ?... ಹಲೋ?... ಯಾಸೆನ್ಕಾ, ಮಗಳೇ, ನಾನು ಕಣೇ, ಕೇಳಿಸ್ತಿ—"